ಬಾಕಿ ಕೇಳುವ ಹೊತ್ತು

ಅನ್ನದ ಹಂಡೆಯ ಒಂದು ಕಿವಿಯನ್ನು ಪಾ ಕೌ ಹಿಡಿದಿದ್ದಳು, ಇನ್ನೊಂದನ್ನು ಅವಳ ತಮ್ಮ ಟೆಂಗ್. ಸಂಸ್ಕಾರದ ಹಾಲ್‌ನ ಹಿಂಬಾಗಿಲಿಂದ ಅದನ್ನು ಒಳಗೆ ತರುವಷ್ಟರಲ್ಲಿ ಚಿಕ್ಕಪ್ಪ ವಾ ಮೆಂಗ್ ಅಡ್ಡ ಬಂದು ನಿಂತ.

"ಇಳಿಸೋ ಟೆಂಗ್, ಹಂಡೆ ಆಮೇಲೆ. ಹಿರಿಯರು ಕರೀತಿದಾರೆ. ನಾಲ್ಕು ಗಂಟೆಗೆ ಬಾಕಿ ಕೇಳ್ತಾರೆ."

"ಈಗ ಹನ್ನೆರಡು, ಚಿಕ್ಕಪ್ಪ."

"ನಿಮ್ಮಪ್ಪನ ಬಾಕಿ ಎಣಿಸೋಕೆ ಈಗ್ಲಿಂದ ಕೂತ್ರೂ ನಾಲ್ಕಕ್ಕೆ ಮುಗಿಯಲ್ಲ."

ಹೀಗೆ ಅಣಕಿಸಿದರೂ ವಾ ಮೆಂಗನ ಕಣ್ಣು ಎರಡು ದಿನದಿಂದ ಕೆಂಪಗಿತ್ತು. ಒಳಗೆ ಪೆಟ್ಟಿಗೆಯಲ್ಲಿ ಮಲಗಿದ್ದವನು ಅವನ ಒಬ್ಬನೇ ಅಣ್ಣ, ಖಾಂಗ್ ಕುಲದ ನ್ಯಾ ಚೂ. ಅರವತ್ತೆಂಟು ವಯಸ್ಸು. ಶುಕ್ರವಾರದಿಂದ ಡೋಲು ಬಾರಿಸುತ್ತಲೇ ಇತ್ತು, ಬಿದಿರಿನ ಕೊಳಲಿನವರು ಸರದಿಯಲ್ಲಿ ಊದುತ್ತಲೇ ಇದ್ದರು. ನಾಳೆ ಸೋಮವಾರ ಮಣ್ಣು.

ಬೆಟ್ಟದ ನಾಡು ಬಿಟ್ಟು ಈ ಡಾಲರಿನ ದೇಶಕ್ಕೆ ಬಂದ ನಮ್ಮ ಹ್ಮಾಂಗ್ ಜನರಲ್ಲಿ ಮಣ್ಣಿಗೆ ಮುಂಚೆ ಬಾಕಿ ಕೇಳದೆ ಯಾರನ್ನೂ ಕಳಿಸುವುದಿಲ್ಲ. ಸತ್ತವನು ಯಾರಿಗೆ ಕೊಡಬೇಕು, ಯಾರಿಂದ ಬರಬೇಕು, ಎಲ್ಲವನ್ನೂ ಎಲ್ಲರೆದುರು ಹೇಳಿ, ಹೊರುವವರು ಯಾರೆಂದು ಗೊತ್ತುಮಾಡಿ, "ಇವನ ಕೈ ಖಾಲಿ" ಎಂದು ಸಾರಬೇಕು. ಸಾಲ ಹೊತ್ತುಕೊಂಡು ಹೋದವನನ್ನು ಪೂರ್ವಿಕರ ಊರಿನ ಬಾಗಿಲಲ್ಲೇ ತಡೆಯುತ್ತಾರಂತೆ. ಅಥವಾ ಸಾಲ ಕೊಟ್ಟವನ ಮನೆಯ ಎತ್ತಾಗಿ ಹುಟ್ಟುತ್ತಾನಂತೆ. ಬ್ಯಾಂಕಿನ ಮನೆಯಲ್ಲಿ ಎತ್ತಿಗೇನು ಕೆಲಸವೋ, ಅದು ಬೇರೆ ಮಾತು.

"ಎಷ್ಟಿದೆ?" ಎಂದು ಪಾ ಕೌ ತಮ್ಮನನ್ನು ಮೆಲ್ಲಗೆ ಕೇಳಿದಳು, ಲೆಕ್ಕ ತನಗೇ ಗೊತ್ತಿದ್ದರೂ.

"ಬ್ಯಾಂಕಿಗೆ ಎಂಬತ್ತೊಂದು ಸಾವಿರ ಡಾಲರ್. ಚಿಕ್ಕಪ್ಪ ಹೇಳೋದೇನು ಗೊತ್ತಾ? ಮನೆ ಮಾರಿ ತೀರಿಸಿಬಿಡೋಣ ಅಂತ. ಅಪ್ಪ ಹಗುರಾಗಿ ಹೋಗ್ಲಿ, ಅಮ್ಮ ನನ್ನ ಜೊತೆ ಬಂದಿರ್ಲಿ ಅಂತ."

"ನೀನೇನಂದೆ?"

ಟೆಂಗ್ ಹಂಡೆಯನ್ನೇ ನೋಡಿದ. ಎರಡು ಕೋಣೆಯ ಬಾಡಿಗೆ ಮನೆ, ಮೂರು ಮಕ್ಕಳು. ಅಮ್ಮ ಬಂದರೆ ಬೇಡವೆನ್ನುವ ಮಗನಲ್ಲ ಅವನು. ಆ ಸಾಲವನ್ನು ಹೊರುವ ಶಕ್ತಿಯೂ ಅವನಿಗಿರಲಿಲ್ಲ. "ಹೂಂ ಅಂದೆ," ಎಂದ.

ಪೆಟ್ಟಿಗೆಯ ಪಕ್ಕದಲ್ಲಿ ಅವರ ತಾಯಿ ಯೂವಾ ಚಿನ್ನದ ಬಣ್ಣದ ಕಾಗದವನ್ನು ದೋಣಿಯಂತೆ ಮಡಚುತ್ತ ಕೂತಿದ್ದಳು. ಸತ್ತವನ ದಾರಿಖರ್ಚಿಗೆ ಸುಡುವ ಹಣ ಅದು. ಈ ಮಾತುಕತೆ ಅವಳ ಕಿವಿಗೆ ಬಿದ್ದಿತ್ತು. ಅವಳು ಕೈ ನಿಲ್ಲಿಸಲಿಲ್ಲ.

*

ಹದಿನಾರು ವರ್ಷದ ಹಿಂದೆ ಆ ಮನೆ ಲಾರ್ಸನ್ ಅಜ್ಜಿಯದಾಗಿತ್ತು. ಇಪ್ಪತ್ತೆರಡು ವರ್ಷ ನ್ಯಾ ಚೂ ಅಲ್ಲಿ ಬಾಡಿಗೆಗಿದ್ದ. ಪ್ರತಿ ತಿಂಗಳು ಒಂದನೇ ತಾರೀಖು ಬೆಳಿಗ್ಗೆ ಏಳಕ್ಕೆ, ಹಿಮ ಮೊಣಕಾಲುದ್ದ ಬಿದ್ದಿರಲಿ, ನಗದು ಹಿಡಿದುಕೊಂಡು ಅಜ್ಜಿಯ ಬಾಗಿಲು ತಟ್ಟುತ್ತಿದ್ದ.

"ನನಗೂ ವಯಸ್ಸಾಯ್ತು," ಎಂದು ಅಜ್ಜಿ ಒಂದು ದಿನ ಹೇಳಿದಳು. "ಎರಡು ವರ್ಷ ಬಿಟ್ಟು ಮಗಳ ಊರಿಗೆ ಹೋಗ್ತೀನಿ. ಮನೆ ಮೊದಲು ನಿನಗೇ ಕೊಡ್ತೀನಿ. ನಿನ್ನಿಂದ ಆಗದಿದ್ರೆ ಬೇರೆಯವರಿಗೆ."

ನ್ಯಾ ಚೂ ಕೂಡಿಟ್ಟ ದುಡ್ಡಿನೊಂದಿಗೆ, ಇಂಗ್ಲಿಷ್ ಬರುವ ಮಗಳನ್ನು ಕರೆದುಕೊಂಡು ಬ್ಯಾಂಕಿಗೆ ಹೋದ. ಅಲ್ಲಿದ್ದ ಹುಡುಗಿ ಕಂಪ್ಯೂಟರಿನಲ್ಲಿ ಹುಡುಕಿ ಹುಡುಕಿ ಸೋತಳು.

"ನಿಮ್ಮ ಬಗ್ಗೆ ಏನೂ ಇಲ್ಲ ಸರ್. ಕೆಟ್ಟದ್ದೂ ಇಲ್ಲ, ಒಳ್ಳೆಯದೂ ಇಲ್ಲ."

"ಹೇಗಿರುತ್ತೆ? ನಾನು ಯಾರ ಹತ್ರಾನೂ ಒಂದು ಡಾಲರ್ ಸಾಲ ಮಾಡಿಲ್ಲ," ಎಂದ ನ್ಯಾ ಚೂ ಎದೆಯುಬ್ಬಿಸಿ.

ಪಾ ಕೌ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಹುಡುಗಿಗೆ ಪಾಪ ಅನ್ನಿಸಿತು. "ಅದೇ ತೊಂದರೆ ಸರ್," ಎಂದಳು.

ಕಿಟಕಿ ಕಾರ್ಖಾನೆಯಲ್ಲಿ ಒಂದು ದಿನವೂ ತಡವಾಗದ ಮನುಷ್ಯ, ಸಾಲವೆಂದರೆ ಹಾವು ಕಂಡಂತೆ ಸರಿಯುತ್ತಿದ್ದ ಮನುಷ್ಯ. ಸಾಲ ಮಾಡದವನನ್ನು ಇಲ್ಲಿ ಯಾರೂ ನಂಬುವುದಿಲ್ಲ ಎಂದರೆ ಅವನು ಹೇಗೆ ತಾನೆ ನಂಬಿಯಾನು! ದಾರಿಯುದ್ದಕ್ಕೂ ಬೈದ. "ಕಾವಲಿಗೆ ಬಂದವನಿಗೆ ಮೊದಲು ಕದ್ದು ತೋರಿಸು, ಆಮೇಲೆ ಕೆಲಸ ಕೊಡ್ತೀನಿ ಅಂದ ಹಾಗಾಯ್ತು!"

ಆದರೂ ಅವರು ಹೇಳಿದಂತೆ ಐನೂರು ಡಾಲರ್ ಠೇವಣಿ ಇಟ್ಟು ಒಂದು ಕ್ರೆಡಿಟ್ ಕಾರ್ಡ್ ತಂದ. ತನ್ನದೇ ದುಡ್ಡನ್ನು ತನಗೇ ಸಾಲ ಕೊಡುವ ಕಾರ್ಡ್. ತಂದವನು ಅದನ್ನು ಏನು ಮಾಡಿದ ಅಂತೀರಿ? ಗೋಡೆಯ ಮೇಲಿನ ದೇವರ ಕಾಗದದ ಹತ್ತಿರ, ಮನೆಯ ಐಶ್ವರ್ಯ ಕಾಯುವ ದೈವದ ಮುಂದೆ ಇಟ್ಟ. ಹೊಸ ವರ್ಷದ ದಿನ ಹುಂಜ ಕೊಯ್ದಾಗ ದೇವರ ಕಾಗದಕ್ಕೆ ಮೂರು ಪುಕ್ಕ ಅಂಟಿಸಿದ, ಕಾರ್ಡಿಗೆ ಒಂದು. ಊದುಕಡ್ಡಿ ಹಚ್ಚಿದ. ಕಾಯುತ್ತ ಕೂತ.

ಒಂದು ವರ್ಷದ ಮೇಲೆ ಬ್ಯಾಂಕಿನಿಂದ ಕಾಗದ ಬಂತು.

"ಏನಂತೆ? ನಮ್ಮನ್ನ ನಂಬಿದ್ರಂತಾ?" ಯೂವಾ ಕೇಳಿದಳು.

ಪಾ ಕೌ ಓದಿ ನಗಲೂ ಆಗದೆ ಅಳಲೂ ಆಗದೆ ನಿಂತಳು. "ಒಂದ್ಸಲಾನೂ ಬಳಸ್ಲಿಲ್ಲ ಅಂತ ಕಾರ್ಡ್ ಮುಚ್ಚಿಬಿಟ್ರಂತೆ."

"ಬಳಸಿದ್ರೆ ಸಾಲ ಆಗುತ್ತಲ್ಲ!" ಎಂದ ನ್ಯಾ ಚೂ.

"ಅಪ್ಪಾ, ಸಾಲ ಆಗ್ಬೇಕು. ಆಮೇಲೆ ತೀರಿಸ್ಬೇಕು. ಸ್ವಲ್ಪ ಮಾಡೋದು, ತೀರಿಸೋದು. ಮತ್ತೆ ಮಾಡೋದು, ತೀರಿಸೋದು."

"ಯಾಕೆ? ತಮಾಷೆಗಾ?"

"ಅವರು ನೋಡ್ತಾ ಇರ್ತಾರೆ."

ನ್ಯಾ ಚೂ ಕಾರ್ಡಿನಿಂದ ಪುಕ್ಕ ಕಿತ್ತ. ಅಜ್ಜಿ ಕೊಟ್ಟ ಗಡುವಿನಲ್ಲಿ ಉಳಿದದ್ದು ಒಂದೇ ವರ್ಷ. ಮಾರನೆಯ ದಿನ ಹೊಸ ಕಾರ್ಡಿಗೆ ಅರ್ಜಿ ಹಾಕಿದ. ಅಲ್ಲಿಂದ ತಿಂಗಳಿಗೊಂದು ಅಕ್ಕಿ ಮೂಟೆ ಸಾಲದಲ್ಲಿ ಬಂತು. ಮೊದಲ ಮೂಟೆಯ ಅನ್ನ ಅವನಿಗೆ ಇಳಿಯಲಿಲ್ಲ. "ಯಾರದ್ದೋ ಅನ್ನ," ಎಂದು ತಟ್ಟೆ ಸರಿಸಿದ. ಬಿಲ್ಲು ಕಟ್ಟಿದ ದಿನ ಎರಡು ಸಲ ಬಡಿಸಿಕೊಂಡು ಉಂಡ.

ಲಾರ್ಸನ್ ಅಜ್ಜಿ ಇಪ್ಪತ್ತೆರಡು ವರ್ಷದ ಬಾಡಿಗೆಯ ವಿಷಯವನ್ನು ತನ್ನ ಕೈಯಾರೆ ಬರೆದುಕೊಟ್ಟಳು. ಅದೂ ಸೇರಿ ವರ್ಷದ ಕೊನೆಗೆ ಸಾಲ ಸಿಕ್ಕಿತು. ಸಾಲ ತೀರಿಸುವ ನಂಬಿಕೆಗೆ ಇಲ್ಲಿ ಕೊಡುವ ಅಂಕ, ಅಂದರೆ ಸ್ಕೋರು, ಆರುನೂರ ತೊಂಬತ್ತನಾಲ್ಕು. ಮೊಮ್ಮಗನ ಪರೀಕ್ಷೆಯ ಅಂಕ ಹೇಳುವವನ ಹಾಗೆ ಅದನ್ನು ಅವನು ಮಾರುಕಟ್ಟೆಯ ತುಂಬ ಹೇಳಿಕೊಂಡು ಓಡಾಡಿದ.

ವಾ ಮೆಂಗ್ ಮಾತ್ರ ಅಂದಿದ್ದ: "ಮೂವತ್ತು ವರ್ಷದ ಸಾಲ! ನಿನಗೀಗ ಐವತ್ತನಾಲ್ಕು, ಅಣ್ಣ. ಎಂಬತ್ತನಾಲ್ಕರವರೆಗೆ ಬದುಕ್ತೀಯೋ?"

*

ನಾಲ್ಕಕ್ಕೆ ಡೋಲು ನಿಂತಿತು. ಉದ್ದ ಮೇಜಿನ ಎರಡೂ ಕಡೆ ಗಂಡಸರು ಕೂತರು. ನಡುವೆ ಮದ್ಯದ ಸಣ್ಣ ಬಟ್ಟಲುಗಳು, ಜೋಡಿ ಜೋಡಿಯಾಗಿ. ಹಿರಿಯ ಚೆರ್ ಪಾವ್ ಎದ್ದು ನಿಂತರು.

"ನ್ಯಾ ಚೂ ಹೊರಟಿದಾನೆ. ಅವನಿಂದ ಬಾಕಿ ಬರಬೇಕಾದವರು ಈಗ ಹೇಳಿ. ನಾಳೆ ಹೇಳಿದ್ರೆ ಕೇಳೋರಿಲ್ಲ."

ಯಾರೂ ಏಳಲಿಲ್ಲ. ಹಿಂದಿನ ಸಾಲಿನಿಂದ ಒಬ್ಬ ಮುದುಕ, "ನಾನೇ ಅವನಿಗೆ ಒಂದು ಗುದ್ದಲಿ ಕೊಡ್ಬೇಕು," ಎಂದ. ಸುತ್ತಲಿನವರು ನಕ್ಕರು. ಗುದ್ದಲಿಯ ಲೆಕ್ಕ ಮುಗಿಯಿತು.

"ಬ್ಯಾಂಕಿನವರು ಬಂದಿದಾರಾ?" ಎಂದು ಚೆರ್ ಪಾವ್ ನೆರೆದವರನ್ನು ಗಂಭೀರವಾಗಿಯೇ ಕೇಳಿದರು.

"ಬರಲ್ಲ ಹಿರಿಯರೇ, ಅವರು ಕಾಗದ ಕಳಿಸ್ತಾರೆ," ಎಂದ ವಾ ಮೆಂಗ್. "ಎಂಬತ್ತೊಂದು ಸಾವಿರ ಇದೆ. ಅಣ್ಣನ ಬೆನ್ನ ಮೇಲೆ ಇಷ್ಟು ಹೊರಿಸಿ ಹೇಗೆ ಕಳಿಸೋದು? ಮನೆ ಮಾರೋಣ. ಟೆಂಗ್ ಒಪ್ಪಿದಾನೆ."

ಚೆರ್ ಪಾವ್ ಟೆಂಗ್‌ನತ್ತ ತಿರುಗಿದರು. ಟೆಂಗ್ ಬಾಯಿ ತೆರೆದ.

"ಸ್ವಲ್ಪ ತಡಿ ಮಗಾ," ಎಂದಳು ಯೂವಾ.

ಅವಳು ಪೆಟ್ಟಿಗೆಯ ಪಕ್ಕದಿಂದ ಎದ್ದು ಬಂದಿದ್ದಳು. ಆ ಮೇಜಿನ ಹತ್ತಿರ ಹೆಂಗಸರು ಬರುವ ಪದ್ಧತಿಯಿಲ್ಲ. ತಟ್ಟೆ ತೆಗೆಯಲು ಬಂದಳೇನೋ ಎಂದು ಇಬ್ಬರು ಜಾಗ ಬಿಟ್ಟರು.

"ಮನೆ ಮಾರೋದಿಲ್ಲ. ಸಾಲ ನಾನು ಹೊರ್ತೀನಿ."

ವಾ ಮೆಂಗ್ ಕನಿಕರದಿಂದಲೇ ನಕ್ಕ. "ಅತ್ತಿಗೆ, ಇದು ನೀವು ಸಂತೇಲಿ ಮಾರೋ ಸೊಪ್ಪಿನ ಕಟ್ಟಲ್ಲ. ಬ್ಯಾಂಕಿನ ಸಾಲ. ಅಣ್ಣನ ಮಾತು ಹಾಗಿರ್ಲಿ, ನಿಮ್ಮ ಹೆಸರು ಈ ದೇಶದಲ್ಲಿ ಯಾರಿಗೆ ಗೊತ್ತು?"

*

ನಾಲ್ಕು ವರ್ಷದ ಹಿಂದೆ ಶನಿವಾರದ ಸಂತೆಯಲ್ಲಿ, ಹಸಿಮೆಣಸಿನಕಾಯಿ ಮತ್ತು ಸಾಸಿವೆ ಸೊಪ್ಪಿನ ರಾಶಿಯ ಹಿಂದೆ ಕೂತು ನ್ಯಾ ಚೂ ಹೆಂಡತಿಯ ಮುಂದೆ ಒಂದು ಅರ್ಜಿ ಇಟ್ಟಿದ್ದ.

"ಸಹಿ ಹಾಕು."

"ಏನಿದು?"

"ನಿನಗೊಂದು ಕಾರ್ಡ್. ಡಾಕ್ಟರು ನನ್ನ ಎದೆ ಬಡಿತ ಕೇಳಿ ಮುಖ ಹೇಗೆ ಮಾಡಿದ್ರು, ನೋಡ್ದೆಯಲ್ಲ? ನಾನೇ ಮೊದಲು ಹೋಗೋದು."

"ಹೋಗೋ ಮಾತು ಸಂತೇಲಿ ಆಡ್ತಾರಾ? ಗಿರಾಕಿ ಬರೋ ಹೊತ್ತು."

"ಗಂಡ ಸತ್ರೆ ಹೆಂಡತಿ ಕಂತು ಕಟ್ಕೊಂಡು ಹೋಗ್ಬಹುದು, ಬ್ಯಾಂಕು ಬೇಡ ಅನ್ನೋ ಹಾಗಿಲ್ಲ, ಕಾನೂನೇ ಇದೆ ಅಂತ ಪಾ ಕೌ ಓದಿ ಹೇಳಿದಾಳೆ. ಕಾನೂನು ಇರ್ಲಿ. ಇಪ್ಪತ್ತೆರಡು ವರ್ಷ ಬಾಡಿಗೆ ಕಟ್ಟಿದವನನ್ನೇ ಅವರು ನೀನ್ಯಾರು ಅಂದ್ರು. ನಿನ್ನನ್ನ ಹಾಗೆ ಕೇಳ್ಬಾರ್ದು."

ಯೂವಾ ತನ್ನ ಹೆಸರನ್ನು ಒಂದೊಂದೇ ಅಕ್ಷರವಾಗಿ ಬರೆದಳು. ಗಿರಾಕಿಯೊಬ್ಬಳು ಸೊಪ್ಪು ಹಿಡಿದು ಕಾದೇ ನಿಂತಿದ್ದಳು. ಅವತ್ತಿನಿಂದ ವ್ಯಾನಿನ ಪೆಟ್ರೋಲು ಅವಳ ಕಾರ್ಡಿನಲ್ಲಿ. ಮೊದಲ ಬಿಲ್ಲನ್ನು ಅವಳು ತಾನೇ ಕಟ್ಟಿದ ದಿನ ಗಂಡ ಅವಳಿಗೆ ಕೋಳಿ ಸಾರು ಮಾಡಿ ಬಡಿಸಿದ. ಬದುಕಿನಲ್ಲಿ ಅವನು ಮಾಡಿದ ಅಡಿಗೆ ಅದೊಂದೇ. ಉಪ್ಪು ಹೆಚ್ಚಾಗಿತ್ತು. ಅವಳು ಪಾತ್ರೆ ಖಾಲಿ ಮಾಡಿದಳು.

*

"ಏಳುನೂರ ಮೂವತ್ತೊಂದು," ಎಂದಳು ಯೂವಾ.

ಮೇಜಿನ ಸುತ್ತ ಯಾರಿಗೂ ಅರ್ಥವಾಗಲಿಲ್ಲ. ಬಾಗಿಲ ಹತ್ತಿರ ನಿಂತಿದ್ದ ಕಿರಿಯರಿಗೆ ಆಯಿತು. ಯಾರೋ ಸಿಳ್ಳೆ ಹಾಕಿ, ಎಲ್ಲಿದ್ದೇನೆಂದು ನೆನಪಾಗಿ ಬಾಯಿ ಮುಚ್ಚಿಕೊಂಡರು.

"ಅದು ಅಮ್ಮನ ಸ್ಕೋರು," ಎಂದಳು ಪಾ ಕೌ. "ಅಪ್ಪನಿಗೆ ಸಾಲ ಸಿಕ್ಕಾಗ ಇದ್ದದ್ದಕ್ಕಿಂತ ಹೆಚ್ಚು."

"ನನಗಿಂತ ಅಂತೂ ಬಹಳ ಹೆಚ್ಚು," ಎಂದ ಟೆಂಗ್. ಮೂರು ದಿನದಲ್ಲಿ ಅವನು ಮೊದಲ ಸಲ ನಕ್ಕದ್ದು.

"ಕಟ್ಟೋಕೆ ದುಡ್ಡು?" ವಾ ಮೆಂಗ್ ಇನ್ನೂ ಬಿಡಲಿಲ್ಲ.

"ಎಂಟು ತಿಂಗಳಿಂದ ಅವನಿಗೆ ಏಳೋಕಾಗ್ತಿರ್ಲಿಲ್ಲ. ಕಂತು ಯಾರು ಕಟ್ಟಿದ್ದು ಅಂದ್ಕೊಂಡೆ, ವಾ ಮೆಂಗ್? ಸೊಪ್ಪಿನ ಕಟ್ಟೇ ಕಟ್ಟಿದ್ದು. ಪಾ ಕೌ ಮಾಳಿಗೆ ಕೋಣೆಗೆ ಬಾಡಿಗೆ ಕೊಡ್ತಾಳೆ. ಬೇಕಿದ್ರೆ ನೀನೂ ಬಾ, ಇನ್ನೊಂದು ಕೋಣೆ ಇದೆ. ನೀನೂ ಕೊಡುವಿಯಂತೆ."

ಈ ಸಲದ ನಗು ಹಾಲ್‌ನ ಆ ತುದಿಯವರೆಗೂ ಹೋಯಿತು. ವಾ ಮೆಂಗ್ ತಲೆ ತಗ್ಗಿಸಿದ. ತಗ್ಗಿಸಿಕೊಂಡೇ ಅತ್ತ. ಅಣ್ಣ ಹಗುರಾಗಿ ಹೋದರೆ ಸಾಕಿತ್ತು ಅವನಿಗೆ, ಮನೆಯ ಮೇಲೆ ಅವನಿಗೇನೂ ಹಗೆಯಿರಲಿಲ್ಲ.

ಚೆರ್ ಪಾವ್ ಯೋಚಿಸಿದರು. ಹೆಂಡತಿ ಹೊರಬಾರದೆಂದು ಯಾವ ಹಿರಿಯರೂ ಅವರಿಗೆ ಹೇಳಿಕೊಟ್ಟಿರಲಿಲ್ಲ. ಹೊರಬಹುದೆಂದೂ ಹೇಳಿರಲಿಲ್ಲ. ಕೊನೆಗೆ ಎರಡು ಬಟ್ಟಲು ತುಂಬಿ ಅವಳ ಮುಂದೆ ಸರಿಸಿದರು. "ಬಾಕಿ ಹೊರೋರು ಎರಡೂ ಕುಡೀಬೇಕು."

ಯೂವಾ ಒಂದಾದಮೇಲೊಂದು ಕುಡಿದು ಕೆಮ್ಮಿದಳು.

"ಕೇಳಿ! ಖಾಂಗ್ ಕುಲದ ನ್ಯಾ ಚೂನ ಕೈ ಖಾಲಿ. ಬೆನ್ನು ಖಾಲಿ. ಅವನು ಯಾರಿಗೂ ಏನೂ ಕೊಡಬೇಕಾಗಿಲ್ಲ!"

ಡೋಲು ಮತ್ತೆ ಶುರುವಾಯಿತು. ಯೂವಾ ಪೆಟ್ಟಿಗೆಯ ಹತ್ತಿರ ಹೋಗಿ ಗಂಡನ ಅಂಗಿಯ ತೋಳು ಸರಿಮಾಡಿದಳು. ಅವಳಿಗೆ ದುಃಖವಿತ್ತು, ಆದರೆ ಕೆಲಸ ಮುಗಿಸಿದ ಸಂಜೆಯಂಥ ಸಮಾಧಾನವೂ ಇತ್ತು. "ಇನ್ನು ಹೊರಡು ಮಾರಾಯ. ಹಗುರಾದೆ," ಎಂದಳು. ಆಮೇಲೆ ಮಗಳನ್ನು ಕರೆದಳು.

"ಇವತ್ತು ತಾರೀಖು ಎಷ್ಟು?"

"ಹದಿನಾಲ್ಕು."

"ಕಂತು ನಾಳೆ. ಮಣ್ಣು ಮುಗಿಸಿ ಮನೆಗೆ ಬರೋದು ಎಷ್ಟು ಹೊತ್ತೋ. ಈಗ್ಲೇ ಕಟ್ಟಿಬಿಡ್ತೀನಿ."

ಪೆಟ್ಟಿಗೆಯ ಪಕ್ಕದ ಕುರ್ಚಿಯಲ್ಲಿ ಕೂತು ಅವಳು ಫೋನು ತೆಗೆದು ಹೆಬ್ಬೆರಳು ಒತ್ತಿದಳು. ಮೂವತ್ತು ವರ್ಷ ಮಣ್ಣು ಕೆದಕಿ ಬಿರುಕುಬಿಟ್ಟ ಬೆರಳು. ಫೋನು ಗುರುತಿಸಲಿಲ್ಲ. ಬೆರಳನ್ನು ಸೆರಗಿನಂಥ ಬಿಳಿಯ ಶೋಕದ ಬಟ್ಟೆಗೆ ಒರೆಸಿ ಮತ್ತೆ ಒತ್ತಿದಳು. ಇಲ್ಲ. ಪಾ ಕೌ ಸಹಾಯಕ್ಕೆ ಕೈ ಚಾಚಿದಳು. ಯೂವಾ ಆ ಕೈಯನ್ನು ಸರಿಸಿ, ಹೆಬ್ಬೆರಳನ್ನು ಬಾಯಲ್ಲಿಟ್ಟು ಒದ್ದೆ ಮಾಡಿ, ಗಾಜಿನ ಮೇಲೆ ಇಟ್ಟು, ಎತ್ತದೆ ಕಾದಳು. ಫೋನು ತೆರೆದುಕೊಂಡಿತು, ಅದರ ಬೆಳಕು ಅವಳ ಮುಖದ ಮೇಲೆ ಬಿತ್ತು.