ಅರ್ಧ ಗಂಟೆ ನೀರಿಲ್ಲದ ಬಾಯಿ

ತಮಿಳುನಾಡಿನ ನೆಗಮಂನಲ್ಲಿ ಸೀರೆ ನೇಯುವ ಪಳನಿಯಮ್ಮನಿಗೆ ನಲವತ್ತಾರರಲ್ಲೇ ನಾಲ್ಕು ದವಡೆ ಹಲ್ಲು ಹೋಗಿದ್ದವು. ಐದನೆಯದು ನೋಯತೊಡಗಿದಾಗ ಲವಂಗ ಕಚ್ಚಿಕೊಂಡೇ ಮಗ್ಗದಲ್ಲಿ ಕೂತು ಸೀರೆ ಮುಗಿಸಿದಳು. ಆಮೇಲೆ ಬಸ್ಸು ಹತ್ತಿ ಪೊಳ್ಳಾಚಿಗೆ ಹೋದಳು.

ಹಲ್ಲಿನ ಡಾಕ್ಟರ್ ನಿತ್ಯಾ ಹುಳುಕು ಕೆರೆದು, ಗುಳಿ ತುಂಬಿ, ಹಲ್ಲನ್ನು ಉಳಿಸಿದಳು. "ಬ್ರಷ್ ಮಾಡಿದ ಮೇಲೆ ಏನು ಮಾಡ್ತೀರಿ?" ಎಂದು ತಮಿಳಿನಲ್ಲಿ ಕೇಳಿದಳು.

"ಒಂದು ಚೊಂಬು ನೀರು ಖಾಲಿಯಾಗೋವರೆಗೂ ಮುಕ್ಕಳಿಸ್ತೀನಿ," ಎಂದಳು ಪಳನಿಯಮ್ಮ, ಹೆಮ್ಮೆಯಿಂದಲೇ.

"ಹುಳುಕು ತಡೆಯೋದೇ ಪೇಸ್ಟಿನಲ್ಲಿರೋ ಫ್ಲೋರೈಡ್. ಅದನ್ನೇ ತೊಳೆದುಬಿಡ್ತಿದ್ದೀರಿ. ನೊರೆ ಉಗುಳಿ ಸಾಕು. ಅರ್ಧ ಗಂಟೆ ನೀರೂ ಬೇಡ, ಕಾಫಿಯೂ ಬೇಡ. ದಿನಕ್ಕೆರಡು ಸಲ ಉಜ್ಜಿ. ಮಗ್ಗದ ಮುಂದೆ ಕೂತು ಕುಡಿಯೋ ಸಿಹಿ ಟೀ ಕಮ್ಮಿ ಮಾಡಿ."

ಮರುದಿನ ಬೆಳಗ್ಗೆ ಪಳನಿಯಮ್ಮ ನೊರೆ ಉಗುಳಿ ಒಳಗೆ ಹೊರಟಳು. ಜಗಲಿಯಲ್ಲಿದ್ದ ಅತ್ತೆ ಕುಪ್ಪಮ್ಮ ನೋಡಿಯೇಬಿಟ್ಟಳು.

"ಏಯ್, ಬಾಯಿ ಮುಕ್ಕಳಿಸ್ದೆ ಎಲ್ಲಿಗೆ ಹೊಂಟೆ?"

"ಡಾಕ್ಟರ್ ಹೇಳವ್ರೆ ಅತ್ತೆ. ಅರ್ಧ ಗಂಟೆ ನೀರು ಹಾಕ್ಬಾರ್ದಂತೆ."

"ಎಂಜಲು ಬಾಯಲ್ಲಿ ಚೌಡಮ್ಮನಿಗೆ ದೀಪ ಹಚ್ತೀಯಾ? ಸುದ್ದ ಮಡಿ ಒಂದೂ ಬ್ಯಾಡ್ವಾ?"

ವಾದ ಮಾಡಲು ಪಳನಿಯಮ್ಮನಲ್ಲಿ ತ್ರಾಣವಿರಲಿಲ್ಲ. ಈ ಮನೆಗೆ ಸೊಸೆಯಾಗಿ ಬಂದ ಇಪ್ಪತ್ತನಾಲ್ಕು ವರ್ಷದಿಂದ ನೀರು, ದೀಪ, ಕಾಫಿ, ಮಗ್ಗ, ಒಂದರ ಬೆನ್ನಿಗೆ ಇನ್ನೊಂದು.

"ಹಂಗಾದ್ರೆ ನೀವೇ ಹಚ್ಚಿ ಅತ್ತೆ," ಎಂದು ಹೊಸಿಲ ಮೇಲೆ ಕೂತುಬಿಟ್ಟಳು.

ಕುಪ್ಪಮ್ಮ ದಿಟ್ಟಿಸಿ ನೋಡಿದಳು. ಸೊಸೆ ಏಳಲಿಲ್ಲ. ಮುದುಕಿ ಗೊಣಗುತ್ತ, ಗೋಡೆ ಹಿಡಿದು ಎದ್ದಳು. ಎರಡು ಬೆಂಕಿಕಡ್ಡಿ ಆರಿಹೋದವು. ಮೂರನೆಯದಕ್ಕೆ ದೀಪ ಹೊತ್ತಿತು. ಪೇಸ್ಟಿಗೆ ಬಾಯಿ ಚುರುಗುಟ್ಟುತ್ತಿದ್ದರೂ ಪಳನಿಯಮ್ಮ ಕೈಕಟ್ಟಿ ಸುಮ್ಮನೆ ಕೂತಿದ್ದಳು. ಹೀಗೆ ಹಿಂದೆ ಯಾವಾಗ ಕೂತಿದ್ದಳೋ ನೆನಪಾಗಲಿಲ್ಲ.

ದಿನವೂ ಬೈಗುಳ ತಪ್ಪಲಿಲ್ಲ. ಆದರೆ ದೀಪ ಮಾತ್ರ ಕುಪ್ಪಮ್ಮನೇ ಹಚ್ಚಿದಳು. ಒಂದು ತಿಂಗಳಾದ ಮೇಲೆ ಬೈಗುಳದ ಬದಲು, "ಆಯ್ತಾ ನಿನ್ ಅರ್ಧ ಗಂಟೆ? ಕಾಫಿ ಕಾಯ್ಸು," ಎನ್ನತೊಡಗಿದಳು.

ಎಂಟು ತಿಂಗಳ ನಂತರ ನಿತ್ಯಾ ಮತ್ತೆ ಬಾಯಿ ತೆರೆಸಿ ನೋಡಿದಳು. "ಹೊಸ ಹುಳುಕು ಒಂದೂ ಇಲ್ಲ."

ಪಳನಿಯಮ್ಮ ತಲೆಯಾಡಿಸಿದಳು. ಹೋದ ನಾಲ್ಕು ಹಲ್ಲು ಹೋದವೇ. ವಾಪಸು ಬರುವ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಮಲಗಿದವಳನ್ನು ನೆಗಮಂನಲ್ಲಿ ಕಂಡಕ್ಟರೇ ಎಬ್ಬಿಸಬೇಕಾಯಿತು.