ನಾಲ್ಕು ಮಾರು ಹಗ್ಗ

ಪಾಂಡವಪುರದ ಕಡೆಯ ಆ ಹಾಳು ಕಲ್ಲುಕ್ವಾರಿಯ ನೀರಿಗೆ ಮೋಹನ್ ಕುಮಾರ್ ಮತ್ತೆ ಇಳಿದದ್ದು ಒಂದು ವರ್ಷದ ಮೇಲೆ. ಕಳೆದ ಸಲ ಜೊತೆಗೆ ಸೋದರತ್ತೆ ಮೂಗಮ್ಮನ ಮಗ ಸುಬ್ರಹ್ಮಣ್ಯ ಇದ್ದ. ಬಿಂಡಿಗನವಿಲೆಯ ಕಮ್ಮಾರರ ಮನೆಯ ಇಬ್ಬರೂ ಗೋವಾಕ್ಕೆ ಹೋಗಿ ಮುಳುಗುವ ವಿದ್ಯೆ ಕಲಿತು, ನೀರಿನ ತಳಕ್ಕೆ ಬಿದ್ದ ಯಂತ್ರಗಳಿಗೆ ಸರಪಳಿ ಬಿಗಿದು ಎತ್ತಿಸುವ ಕೆಲಸ ಹಿಡಿದಿದ್ದರು. ಅವತ್ತು ಸುಬ್ರಹ್ಮಣ್ಯ ಹೆಣವಾಗಿ ಮೇಲೆ ಬಂದ.

ಆಳದಿಂದ ಸೀದಾ ಮೇಲೆ ಬರುವ ಹಾಗಿಲ್ಲ. ರಕ್ತದಲ್ಲಿ ಸೇರಿಕೊಂಡ ಗಾಳಿ ಗುಳ್ಳೆಯೆದ್ದು ಪ್ರಾಣಕ್ಕೇ ಕುತ್ತು. ಮೇಲೆ ಬರಲು ಇನ್ನು ಇಪ್ಪತ್ತು ಅಡಿ ಇರುವಾಗ ತಡೆದು ನಿಂತು, ದಡದಿಂದ ಇಳಿಬಿಟ್ಟ ಹಗ್ಗಕ್ಕೆ ಅಲ್ಲಿ ಗಂಟು ಹಾಕಿ ಕಟ್ಟಿದ ಸಿಲಿಂಡರಿನಿಂದ ಅಪ್ಪಟ ಆಕ್ಸಿಜನ್ ಎಳೆದುಕೊಂಡರೆ ಆ ಗಾಳಿ ಬೇಗ ಕಳೆಯುತ್ತದೆ. ಅದೇ ಆಕ್ಸಿಜನ್ ಇನ್ನೂ ಕೆಳಗಾದರೆ ವಿಷ. ಮೈ ಸೆಟೆದು, ಬಾಯಿಂದ ನಳಿಕೆ ಜಾರಿ, ಮನುಷ್ಯ ನೀರು ಕುಡಿಯುತ್ತಾನೆ.

ಹಗ್ಗವನ್ನು ಯಾವಾಗಲೂ ಸುಬ್ರಹ್ಮಣ್ಯನೇ ಎರಡೂ ಕೈ ಚಾಚಿ ಅಳೆಯುತ್ತಿದ್ದ. ಕುಳ್ಳನ ಮಾರು ಐದೇ ಅಡಿ, ನಾಲ್ಕು ಮಾರಿಗೆ ಲೆಕ್ಕ ಸರಿ. ಅವತ್ತು ಒಬ್ಬನೇ ಇಳಿಯಲು ಸೂಟು ಹಾಕಿಕೊಳ್ಳುತ್ತಾ, "ಲೇ ಮೋಹ್ನ, ನಾಲ್ಕ್ ಮಾರ್ ಅಳ್ದು ನೀನೇ ಕಟ್ಬುಡ್ಲಾ" ಅಂದ. ಆರಡಿ ಆಳು ಮೋಹನ ತನ್ನ ಉದ್ದನೆಯ ಕೈ ಚಾಚಿ ಅಳೆದು ಸಿಲಿಂಡರು ಕಟ್ಟಿದ. ರಾಡಿ ನೀರಲ್ಲಿ ಆಳದ ಮೀಟರು ಕಾಣದೆ ಸುಬ್ರಹ್ಮಣ್ಯ ಗಂಟನ್ನೇ ನಂಬಿದ.

ತಪ್ಪು ಎಲ್ಲಾಯಿತೆಂದು ಮೋಹನನಿಗೆ ಆ ಸಂಜೆಯೇ ಹೊಳೆದಿತ್ತು. "ಅವಸರಕ್ಕೆ ಬಿದ್ದು ಆಳದಲ್ಲೇ ಆಕ್ಸಿಜನ್ ಎಳ್ಕಂಡ" ಎಂದು ಜನ ಆಡಿಕೊಂಡರೂ ಈ ಹೇಡಿ ತುಟಿ ಬಿಚ್ಚಲಿಲ್ಲ, ಹಗ್ಗ ಸುತ್ತಿ ಅಟ್ಟದ ಮೇಲೆಸೆದ. ಮೂಗಮ್ಮ ಮಾತ್ರ ಕಣ್ಣೀರು ಹಾಕುತ್ತಾ ಸತ್ತ ಮಗನಿಗೇ ಬೈಯುತ್ತಿದ್ದಳು.

ಈ ಸಲ ಹೊಸ ಹಗ್ಗವನ್ನು ಟೇಪು ಹಿಡಿದು ಅಳೆದಿದ್ದ. ತಳದ ಕೆಲಸ ಮುಗಿಸಿ, ಮೇಲೇರಿ, ಗಂಟು ಹಿಡಿದು ನಿಂತು ನಳಿಕೆ ಬಾಯಿಗಿಟ್ಟ. ಆಗ ಕೆಳಗಿನಿಂದ ಯಾರೋ ಹಗ್ಗ ಎಳೆದರು. ನಿಧಾನಕ್ಕೆ ಒಂದು ಸಲ. ನಿಂತಿತು. ಇನ್ನೊಂದು ಸಲ. ಕೈ ಚಾಚಿ ಅಳೆಯುವವರು ಎಳೆದುಕೊಳ್ಳುವ ಹಾಗೆ. ಮೂರು. ನಾಲ್ಕು. ಮೀಟರನ್ನು ಮುಖಕ್ಕೊತ್ತಿ ನೋಡಿದ: ಇಪ್ಪತ್ತನಾಲ್ಕು ಅಡಿ.

ಆಕ್ಸಿಜನ್ ಉಗಿದು, ಬೆನ್ನಿನ ಸಿಲಿಂಡರಿನ ಮಾಮೂಲು ಗಾಳಿಯಲ್ಲೇ ಒಂದು ತಾಸು ತಡೆದು ನಿಂತು ದಡ ಸೇರಿದ. ಟೇಪು ಹಿಡಿದರೆ ಗಂಟು ಇಪ್ಪತ್ತಡಿಯಲ್ಲೇ ಇತ್ತು.

ಸಂಜೆಯೊಳಗೆ ಆ ಹಳೇ ಹಗ್ಗ ಹಿಡಿದು ಮೂಗಮ್ಮನ ಮುಂದೆ ನಿಂತಿದ್ದ.

"ಅತ್ತೆ, ಸುಬ್ಬಂದು ತಪ್ಪಿಲ್ಲ. ಅಗ್ಗ ಅಳ್ದೋನು ನಾನು." ಎಲ್ಲವನ್ನೂ ಹೇಳಿದ.

ಮೂಗಮ್ಮ ಮಗನಷ್ಟೇ ಗಿಡ್ಡ. ಹಗ್ಗ ಕಿತ್ತುಕೊಂಡು ತಾನೇ ಕೈ ಚಾಚಿದಳು. ಒಂದು, ಎರಡು, ಮೂರು, ನಾಲ್ಕು. ಗಂಟು ಇನ್ನೂ ಆಚೆಗಿತ್ತು. ಮಿಕ್ಕ ತುಂಡನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಸವರಿದಳು.

"ಇಷ್ಟ್ ಅಗ್ಗಕ್ಕೇನ್ಲಾ," ಅಂದಳು, "ನನ್ ಮಗ ವರ್ಸೆಲ್ಲಾ ನನ್ ಕೈಲಿ ಬೈಸ್ಕಂಡಿದ್ದು?"