ಬಾಣಂತಿ ಕೋಣೆಯ ಕಿಟಕಿ

ಗೋಡೆಯಾಚೆಯಿಂದ ಬಂದ ಸದ್ದು ಬಿಕ್ಕಳಿಕೆಗಿಂತ ಸಣ್ಣದು. ಸರಿರಾತ್ರಿ. ಕೂಸು ಎದ್ದಿತೇನೋ ಎಂದು ಕಿವಿಗೊಟ್ಟು ಮಲಗಿದೆ. ಎದ್ದ ಕೂಸು ಅಳಬೇಕಲ್ಲ. ಇದು ಅಳಲಿಲ್ಲ.

ಆ ಕೋಣೆಯಲ್ಲಿದ್ದವಳು ನನ್ನ ನಾದಿನಿ ಗಂಗಾಲಕ್ಷ್ಮಿ. ಹೆರಿಗೆಗೆಂದು ಮಧುಗಿರಿಯಿಂದ ಶಿರಾದ ತವರಿಗೆ ಬಂದಿದ್ದಳು. ನಮ್ಮ ಮನೆಯ ಹಿಂದೆ ಹಳೇ ಟೈರು ಕಾಯಿಸಿ ಎಣ್ಣೆ ತೆಗೆಯುವ ಶೆಡ್ಡಿದೆ. ಕತ್ತಲಾದರೆ ಅದರ ಹೊಗೆ ಶುರು. ಅತ್ತ ಹೈವೇ ಲಾರಿಗಳು, ಇತ್ತ ಸಿಪ್ಪೆ ಉರಿಸುವ ಕಡಲೆಕಾಯಿ ಮಿಲ್ಲು. ಬೆಳಗ್ಗೆ ಒಣಹಾಕಿದ ಕೂಸಿನ ಬಟ್ಟೆಯನ್ನು ಸಂಜೆ ಮಡಿಸುವಾಗ ಬೆರಳಿಗೆ ಮಸಿ ಅಂಟುತ್ತಿತ್ತು. ಇದೆಲ್ಲ ಆ ಪುಟ್ಟ ಎದೆಯೊಳಕ್ಕೂ ಹೋಗುತ್ತಿದೆ ಎಂದುಕೊಂಡಾಗ ನನಗೆ ಊಟ ಸೇರುತ್ತಿರಲಿಲ್ಲ. ಅವತ್ತು ಸಂಜೆ ಆ ಕೋಣೆಯ ಕಿಟಕಿ ಮುಚ್ಚಿ, ಸಂದುಗಳಿಗೆಲ್ಲ ಅಗಲದ ಟೇಪು ಅಂಟಿಸಿದೆ. ಮಲಗುವ ಮುಂಚೆ ಬಾಗಿಲ ಕೆಳಗೆ ಒದ್ದೆ ಟವೆಲ್ಲನ್ನೂ ತುರುಕಿದೆ.

ಅತ್ತೆ ಕೊಲ್ಲಾಪುರಮ್ಮ ನಕ್ಕಿದ್ದರು. “ನಮ್ಮ ಸೊಸೆ ಕಿಟಕಿಗೂ ಬಾಣಂತನ ಮಾಡ್ತಾವ್ಳೆ. ಅದ್ಕೊಂದು ಕುಲಾವಿನೂ ಹಾಕ್ಬುಡಮ್ಮ!”

“ನಗಬೇಡಿ ಅತ್ತೆ, ಆ ಹೊಗೆ ವಿಷ.”

“ಆತು ಬುಡು, ಥಂಡಿನೂ ಬರಾಕಿಲ್ಲ.”

ಈಗ ಬಾಗಿಲು ತಳ್ಳಿದರೆ ಮುಖಕ್ಕೆ ಕಾವು ಬಡಿಯಿತು. ದೀಪ ಹಾಕಿದೆ. ಮಂಚದ ಕೆಳಗೆ ಕೆಂಡದ ಬಾಣಲೆ, ಬೂದಿಯೊಳಗೆ ಇನ್ನೂ ಕೆಂಪಗಿತ್ತು. ಬಾಣಂತಿಯ ಮೈ ಬೆಚ್ಚಗಿರಲೆಂದು ಅತ್ತೆ ದಿನವೂ ಇಡುತ್ತಿದ್ದರು. ದಿನವೂ ಕಿಟಕಿ ಒಂದಿಷ್ಟು ತೆರೆದಿರುತ್ತಿತ್ತು. ಆ ಬಾಣಲೆಯನ್ನು ನಾನು ಎಷ್ಟು ಸಲ ನೋಡಿರಲಿಲ್ಲ! ನಿಗಿನಿಗಿ ಇದ್ದಿಲು, ಹೊಗೆಯ ಎಳೆಯೂ ಇಲ್ಲ. ನಾನು ಹೆದರಿದ್ದು ಕಪ್ಪಗೆ ಕಾಣುವುದಕ್ಕೆ ಮಾತ್ರ.

“ಗಂಗಾ! ಗಂಗಾ!”

ಅವಳು ಕಣ್ಣು ಬಿಡಲಿಲ್ಲ. ಕೂಸನ್ನು ಎತ್ತಿಕೊಂಡರೆ ತಲೆ ನನ್ನ ಅಂಗೈಯಲ್ಲಿ ಹಿಂದಕ್ಕೆ ಜೋತಿತು. ಅತ್ತೆಯನ್ನು ಕೂಗುತ್ತಲೇ ಹಿತ್ತಿಲಿಗೆ ಓಡಿದೆ.

ಹಿತ್ತಿಲ ತುಂಬ ರಬ್ಬರಿನ ಹೊಗೆ. ಯಾವ ಗಾಳಿಗೆ ಹೆದರಿ ಟೇಪು ಅಂಟಿಸಿದ್ದೆನೋ ಅದೇ ಗಾಳಿಗೆ ಕೂಸನ್ನು ಒಡ್ಡಿ ಅಂಗಾಲು ಉಜ್ಜತೊಡಗಿದೆ. ಅತ್ತೆ ಗಂಗಾಳನ್ನು ಕಂಕುಳಲ್ಲಿ ಹಿಡಿದು ಎಳೆದುಕೊಂಡು ಬಂದರು.

“ಉಸ್ರು ಐತೇನಮ್ಮ? ಲೇ ಯಶೋಧರಾ, ಬಾಯ್ಬುಟ್ಟು ಹೇಳೇ!”

ಅಂಗಾಲು ತಣ್ಣಗಿತ್ತು. ಉಜ್ಜಿದೆ, ಬೆನ್ನು ತಟ್ಟಿದೆ, ಮತ್ತೆ ಉಜ್ಜಿದೆ. ಕೊನೆಗೆ ಮೈ ಒಮ್ಮೆ ನಡುಗಿ, ಕೂಸು ಬಾಯಿ ಅಗಲಿಸಿ ಚೀರಿತು. ಗಂಗಾ ಮಗ್ಗುಲಾಗಿ ವಾಂತಿ ಮಾಡಿಕೊಂಡಳು.

ಆಂಬುಲೆನ್ಸು ಬಂತು. ಆಸ್ಪತ್ರೆಯಲ್ಲಿ ಡಾಕ್ಟರಿಗೆ ಕೆಂಡ, ಟೇಪು ಎಲ್ಲ ಹೇಳಿದೆ. ಇಬ್ಬರಿಗೂ ಆಕ್ಸಿಜನ್ ಹಾಕಿದರು. ಬೆಳಕು ಹರಿಯುವ ಹೊತ್ತಿಗೆ ಗಂಗಾ ಎದ್ದು ಕೂತಳು, ಕೂಸು ಹಾಲು ಕುಡಿಯಿತು. ಇನ್ನು ಭಯವಿಲ್ಲ, ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಕಣ್ಣಿಗೆ ಕಾಣದ ವಿಷಗಾಳಿ ತುಂಬಿಕೊಳ್ಳುತ್ತದೆ, ಕೆಂಡ ಮಾತ್ರ ಯಾವತ್ತೂ ಒಳಗಿಡಬೇಡಿ ಎಂದು ಡಾಕ್ಟರು ಗಂಗಾಳಿಗೇ ಒತ್ತಿ ಹೇಳಿದರು.

ವರಾಂಡದಲ್ಲಿ ಅತ್ತೆ ನನ್ನ ಮೊಣಕೈ ಹಿಡಿದುಕೊಂಡರು. “ಬೀಗಿತ್ತಿಗೆ ಗೊತ್ತಾದ್ರೆ ಈಗ್ಲೇ ಕಾರು ತಂದು ಕರ್ಕಂಡೋಯ್ತಾಳೆ ಕಣಮ್ಮ. ಅಲ್ಲಿ ಇಟ್ಟಿಗೆ ಗೂಡು ಮನೆ ಗೋಡೆಗೇ ಅಂಟ್ಕಂಡೈತೆ. ಹಗ್ಲೂ ರಾತ್ರಿ ಉರೀತೈತೆ.”

ಆ ಗೂಡು ನನಗೂ ಗೊತ್ತು. ಅದರ ಹೊಗೆ ನೇರ ಗಂಗಾಳ ಮಲಗುವ ಕೋಣೆಗೇ ನುಗ್ಗುತ್ತದೆ. ನಿನ್ನೆ ರಾತ್ರಿ ಅಷ್ಟು ವಿಷಗಾಳಿ ಕುಡಿದ ಪುಟ್ಟ ಎದೆ ಅದನ್ನು ತಡೆದೀತೇ?

ಫೋನು ಬಂತು. ಮಧುಗಿರಿಯಿಂದ ಗಂಗಾಳ ಅತ್ತೆ ಈಶ್ವರಮ್ಮ.

“ಕೂಸು ಹೆಂಗೈತಮ್ಮ? ರಾತ್ರಿ ಚೆಂದಾಗಿ ಮಲಗ್ತಾ?”

ಗಾಜಿನಾಚೆ ಕೂಸಿನ ಎದೆ ಏರುವುದನ್ನು, ಇಳಿಯುವುದನ್ನು, ಮತ್ತೆ ಏರುವುದನ್ನು ನೋಡಿದೆ.

“ಚೆನ್ನಾಗಿ ಮಲಗಿತ್ತು ಅಮ್ಮ,” ಎಂದೆ.

ಪಾವಗಡದಲ್ಲಿ ಮೇಷ್ಟ್ರಾಗಿರುವ ನನ್ನ ಗಂಡ ಗಂಗಾಳ ಗಂಡನೊಡನೆ ದಿನಾ ಫೋನಿನಲ್ಲಿ ಹರಟುತ್ತಾರೆ. ಅವರಿಗೂ ಹೇಳುವುದಿಲ್ಲ. ಯಾರಿಗೂ ಹೇಳುವುದಿಲ್ಲ.